ಡೆಕ್‌ಗೆ ಇಳಿಯಲು ಬಿಡದ ಅಕ್ಕರೆ

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಕರಾವಳಿಯ ಹುಡುಗಿ, 21 ವರ್ಷ. ನಾಟಿಕಲ್ ಸೈನ್ಸ್ ಡಿಪ್ಲೊಮಾ ಮುಗಿಸಿ, ಡೆಕ್ ಕೆಡೆಟ್ (ತರಬೇತಿಯಲ್ಲಿರುವ ಅಧಿಕಾರಿ) ಆಗಿ ಸರಕು ಹಡಗು ಹತ್ತಿದ್ದಳು. ಎಂಟು ತಿಂಗಳ ನಂತರ ರಜೆಗೆ ಬಂದವಳನ್ನು ಅಮ್ಮ ನನ್ನ ಬಳಿ ಕರೆತಂದರು. "ಮತ್ತೆ ಹೋಗಲ್ಲ ಅಂತಾಳೆ ಮೇಡಂ. ನಂಗೇನೋ ಸಮಾಧಾನವೇ. ಆದ್ರೆ ಸರಿಯಾಗಿ ಊಟ ಮಾಡ್ತಿಲ್ಲ."

ಇಡೀ ಹಡಗಿಗೆ ಒಬ್ಬಳೇ ಹುಡುಗಿ ಅಂದ ಕೂಡಲೇ ನನ್ನ ತಲೆ ಓಡಿದ್ದು ಕಿರುಕುಳದ ಕಡೆಗೆ. ಅಮ್ಮನನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ. "ಹಾಗೇನಿಲ್ಲ ಮೇಡಂ. ಎಲ್ಲರೂ ತುಂಬಾ ಒಳ್ಳೆಯವರು. ಕಷ್ಟ ಅದೇ," ಎಂದಳು.

ಬ್ಯಾಗಿನಿಂದ ಟ್ರೇನಿಂಗ್ ರೆಕಾರ್ಡ್ ಬುಕ್ ತೆಗೆದಳು. ಕೆಡೆಟ್ ಮಾಡಿ ಕಲಿತ ಒಂದೊಂದು ಕೆಲಸಕ್ಕೂ ಅದರಲ್ಲಿ ಅಧಿಕಾರಿಯ ಸಹಿ ಬೀಳಬೇಕು. 18 ತಿಂಗಳು ಸಮುದ್ರದಲ್ಲಿ ಕಳೆದರಷ್ಟೇ ಸಾಲದು, ಇದೂ ತುಂಬಬೇಕು. ಆಮೇಲೇ ಅಧಿಕಾರಿಯಾಗಲು ಬರೆಯುವ ಸೆಕೆಂಡ್ ಮೇಟ್ ಪರೀಕ್ಷೆ. ಮೇಲೆ ಹಡಗು ನಡೆಸುವ ಕೋಣೆಯ (ಬ್ರಿಡ್ಜ್) ಕೆಲಸ, ಕಡಲ ನಕ್ಷೆ ತಿದ್ದುವುದು, ಕಾಗದಪತ್ರ, ಇಲ್ಲೆಲ್ಲ ಸಹಿಯೋ ಸಹಿ. ಹಡಗನ್ನು ಹಗ್ಗ ಹಾಕಿ ಕಟ್ಟುವ ಮೂರಿಂಗ್, ಆಂಕರ್, ಸರಕು ತುಂಬುವ ಹೋಲ್ಡ್ ತೊಳೆಯುವ ಪುಟಗಳು ಖಾಲಿ. ಚೀಫ್ ಆಫೀಸರ್ ಪ್ರತಿ ಸಲವೂ "ಹಗ್ಗದ ಹತ್ತಿರ ಬೇಡ ಬೇಟಾ, ಮೇಲೇ ಇರು" ಅನ್ನುತ್ತಿದ್ದರಂತೆ. ಜೊತೆಗೆ ಹತ್ತಿದ್ದ ಹುಡುಗನ ಪುಸ್ತಕದಲ್ಲಿ ಅದೇ ಪುಟಗಳು ತುಂಬಿದ್ದವು.

ಒಂದು ದಿನ ತಾನೇ ಕೆಳಗೆ ಡೆಕ್ಕಿಗೆ ಇಳಿದು ಹೋದಳು. ಬಾಯ್ಲರ್ ಸೂಟಿನ ತೋಳು ಮೂರು ಮಡಿಕೆ ಮಡಿಚಿದ್ದಳು. ಡೆಕ್ ಕೆಲಸಗಾರರ ಮೇಸ್ತ್ರಿ, ಬೋಸನ್, ವಾಪಸ್ ಕಳಿಸಿದ. ಅವನದು ತಪ್ಪಲ್ಲ, ಸಡಿಲ ತೋಳು ಹಗ್ಗ ಸುತ್ತುವ ವಿಂಚ್‌ಗೆ ಸಿಕ್ಕಿದರೆ ಕೈಯೇ ಹೋಗುತ್ತದೆ. ತಪ್ಪು ಸೂಟಿನ ಅಳತೆಯಲ್ಲಿತ್ತು. ಅವಳು ಮಾತ್ರ ತನ್ನ ಅಳತೆಯೇ ತಪ್ಪು ಅಂದುಕೊಂಡು ಊರಿಗೆ ಬಂದಿದ್ದಳು.

2015ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಏಳು ಮೀನುಗಾರರನ್ನು ಉಳಿಸಿದ ಕ್ಯಾಪ್ಟನ್ ರಾಧಿಕಾ ಮೆನನ್ ಕಥೆ ಹೇಳಿ ಹುರಿದುಂಬಿಸಬಹುದಿತ್ತು. ಹೇಳಲಿಲ್ಲ. ಅದು ಅವಳಿಗೆ ಬಾಯಿಪಾಠ. ಅವಳಿಗೆ ಬೇಕಿದ್ದದ್ದು ಒಂದು ಇಮೇಲ್.

ಕೂತು ಇಬ್ಬರೂ ಬರೆದೆವು. ಕಂಪನಿಯ ಟ್ರೇನಿಂಗ್ ನೋಡಿಕೊಳ್ಳುವವರಿಗೆ ಖಾಲಿ ಪುಟಗಳ ಪಟ್ಟಿ, ಅಷ್ಟೇ. ದೂರು ಇಲ್ಲ, ಅಳು ಇಲ್ಲ. ಕೆಳಗೆ ಸೂಟು, ಬೂಟು, ಗ್ಲೌಸಿನ ಅಳತೆ. ಸುರಕ್ಷತಾ ಉಡುಪು ಮೈಗೆ ಸರಿಯಾಗಿ ಕೂರಬೇಕು ಅನ್ನುವುದು 2024ರ ಡಿಸೆಂಬರ್‌ನಿಂದ ಅಂತರರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದದಲ್ಲೇ ಇದೆ, ಸಂಕೋಚ ಬೇಡ ಎಂದೆ. ಮುಂದಿನ ಹಡಗಿನಲ್ಲಿ ಮೊದಲ ವಾರವೇ ಚೀಫ್ ಆಫೀಸರ್ ಮುಂದೆ ಪುಸ್ತಕ ಬಿಡಿಸಿ, "ಸರ್, ಇದನ್ನು ಯಾವ ಬಂದರಿನಲ್ಲಿ ಶುರು ಮಾಡಲಿ?" ಎಂದು ಕೇಳಬೇಕು. "ಮಾಡಬಹುದಾ?" ಅಂತ ಕೇಳಿದರೆ "ಬೇಡ" ಅನ್ನುವುದು ಸುಲಭ, ಅಲ್ವಾ? ಕಿರುಕುಳ ಆಗಿರಲಿಲ್ಲ, ನಿಜ. ಆದರೂ ದಡದಲ್ಲಿ ಸುರಕ್ಷತೆಗೆಂದು ಕಂಪನಿ ನೇಮಿಸಿರುವ ಅಧಿಕಾರಿಯ ನಂಬರ್ ಫೋನಿನಲ್ಲಿರಲಿ ಎಂದೆ.

ಅಮ್ಮನ ಭಯ ಮಾತಿನಲ್ಲಿ ಕರಗುವಂಥದ್ದಲ್ಲ. ಕರಗಿಸಲು ನಾನೂ ಹೋಗಲಿಲ್ಲ. ಬಿಡುವುದಾದರೆ ಕಡಲು ಬೇಡವೆಂದು ಬಿಡಲಿ, ಬಟ್ಟೆ ದೊಡ್ಡದೆಂದು ಬೇಡ, ಅಂದೆ. ನಕ್ಕರು, ಒಪ್ಪಲಿಲ್ಲ.

ಮೂರು ತಿಂಗಳ ನಂತರ ಅವಳಿಂದ ಮೆಸೇಜ್: "ಮೇಡಂ, ಇವತ್ತು ಮೂರಿಂಗ್ ಮಾಡುವಾಗ ಫಾರ್ವರ್ಡ್ ಸ್ಟೇಷನ್‌ನಲ್ಲಿದ್ದೆ. ಎರಡು ಸಹಿ ಬಿತ್ತು. ಸೂಟು ಸರಿ ಇದೆ. ಬೂಟು ಇನ್ನೂ ದೊಡ್ಡದು, ಮತ್ತೆ ಬರೆದಿದ್ದೇನೆ."