ಮೆಕ್ಸಿಕೋದ ಮಾಂಟೆರ್ರೇಗೆ ಹೊಸದಾಗಿ ಬಂದವರಿಗೆ, ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿಯ ನೆಪದಲ್ಲಿ

ನಮಸ್ಕಾರ. ಊಟದ ಹೊತ್ತಿಗೆ ಆಫೀಸಿನವರೆಲ್ಲ ಸ್ಪ್ಯಾನಿಷ್, ಪೋರ್ಚುಗೀಸ್ ಭಾಷೆಗಳ ಸಂಗೀತಕ್ಕೆ ಕೊಡುವ ಲ್ಯಾಟಿನ್ ಗ್ರ್ಯಾಮಿಯ ಈ ಸಲದ ‘ಅತ್ಯುತ್ತಮ ಹೊಸ ಕಲಾವಿದ’ ಪ್ರಶಸ್ತಿ ಯಾವ ರಾಕ್ ತಂಡಕ್ಕೆ ಸಿಗಬೇಕೆಂದು ವಾದಕ್ಕೆ ಕೂರುತ್ತಾರೆ, ನಾನೊಬ್ಬನೇ ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ, ಸ್ಪ್ಯಾನಿಷ್ ಬಾರದವನಿಗೆ ಈ ಊರಿನಲ್ಲಿ ಸ್ನೇಹಿತರಾಗುತ್ತಾರೆಯೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತಾರೆ. ಬಹಳ ವರ್ಷಗಳಿಂದ ಇಲ್ಲಿಯೇ ನೆಲೆಸಿರುವ ನನ್ನ ಅನುಭವದಲ್ಲಿ, ಇವರ ಮನಸ್ಸಿಗೆ ಹತ್ತಿರವಾಗಲು ಆ ವಾದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಆದರೆ ಅದರ ಹಿನ್ನೆಲೆ ಸ್ವಲ್ಪ ತಿಳಿದಿರಬೇಕು.

ಈ ಪ್ರಶಸ್ತಿ ರಾಕ್‌ಗಷ್ಟೇ ಮೀಸಲಲ್ಲ, ಎಳೆಯರಿಗಷ್ಟೇ ಸೇರಿದ್ದೂ ಅಲ್ಲ. 2000ದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಇದನ್ನು ಮೊದಲು ಪಡೆದ ಕ್ಯೂಬಾದ ಇಬ್ರಾಹಿಂ ಫೆರ್ರೇರ್ ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ಮರುವರ್ಷ ಇದನ್ನು ಗೆದ್ದ ಕೊಲಂಬಿಯಾದ ರಾಕ್ ಗಾಯಕ ಹುವಾನೆಸ್, ಅದಕ್ಕೂ ಮೊದಲು ಮೆಡೆಯೀನ್ ನಗರದ ಎಕಿಮೋಸಿಸ್ ಎಂಬ ಮೆಟಲ್ ತಂಡದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನುಡಿಸಿದವರು. ಆ ಸಮಾರಂಭ 2001ರ ಸೆಪ್ಟೆಂಬರ್ 11ರಂದು ನಡೆಯಬೇಕಿತ್ತು. ಅಂದಿನ ದಾಳಿಯಿಂದಾಗಿ ರದ್ದಾಗಿ, ಅಕ್ಟೋಬರ್ ಕೊನೆಯಲ್ಲಿ ವಿಜೇತರ ಹೆಸರುಗಳು ಪತ್ರಿಕಾಗೋಷ್ಠಿಯಲ್ಲಿ ಪ್ರಕಟವಾದವು. ಲ್ಯಾಟಿನ್ ಗ್ರ್ಯಾಮಿಗೆ ಮತ ಹಾಕುವವರು ಅದನ್ನು ಕೊಡುವ ಲ್ಯಾಟಿನ್ ರೆಕಾರ್ಡಿಂಗ್ ಅಕಾಡೆಮಿಯ ಸದಸ್ಯರು. ಮಯಾಮಿಯ ಪ್ರೀಮಿಯೋ ಲೋ ನುವೆಸ್ತ್ರೋ ಎಂಬ ಇನ್ನೊಂದು ಲ್ಯಾಟಿನ್ ಸಂಗೀತ ಪ್ರಶಸ್ತಿಯಲ್ಲಾದರೆ ಅಭಿಮಾನಿಗಳು.

ಇನ್ನು ಮಾಂಟೆರ್ರೇಯ ಸಂಕಟಕ್ಕೆ, ಅಂದರೆ ಇಲ್ಲಿನ ರಾಕ್‌ಗೆ ಈ ಪ್ರಶಸ್ತಿ ಸಿಗಲಿಲ್ಲವೆಂಬ ಕೊರಗಿಗೆ ಬರುತ್ತೇನೆ. 1971ರ ಅವಾಂದಾರೋ ಎಂಬ ದೊಡ್ಡ ರಾಕ್ ಉತ್ಸವದ ನಂತರ ಸರ್ಕಾರ ಬಿಗಿ ಮಾಡಿ, ಮೆಕ್ಸಿಕೋದಲ್ಲಿ ರಾಕ್‌ಗೆ ರೇಡಿಯೋ ಮತ್ತು ದೊಡ್ಡ ವೇದಿಕೆಗಳ ಬಾಗಿಲು ಮುಚ್ಚಿತು, ತಂಡಗಳು ವರ್ಷಗಟ್ಟಲೆ ಪಾಳು ಗೋದಾಮುಗಳಲ್ಲಿ ಹಾಡಿದವು. ಅಂಥ ದೇಶದಲ್ಲಿ, ತೊಂಬತ್ತರ ದಶಕದ ಕೊನೆಯಲ್ಲಿ, ಈ ಕಾರ್ಖಾನೆಗಳ ಊರಿನಿಂದ ಕಂಟ್ರೋಲ್ ಮಚೇತೆ, ಪ್ಲಾಸ್ತಿಲೀನಾ ಮಾಷ್, ಎಲ್ ಗ್ರಾನ್ ಸಿಲೆನ್ಸಿಯೋ ಎಂಬ ತಂಡಗಳು ಒಂದರ ಹಿಂದೆ ಒಂದು ಹೊರಟವು. ಎಲ್ ಗ್ರಾನ್ ಸಿಲೆನ್ಸಿಯೋವನ್ನು ಒಮ್ಮೆ ಗಮನವಿಟ್ಟು ಕೇಳಿ: ಡ್ರಮ್ಸ್ ಮತ್ತು ಗಿಟಾರಿನ ಅಬ್ಬರದ ನಡುವೆ ಇಲ್ಲಿನ ಮದುವೆಮನೆಗಳ ಅಕಾರ್ಡಿಯನ್ ಸಲೀಸಾಗಿ ನುಗ್ಗಿ ಬರುತ್ತದೆ, ಗಾಯಕ ಉಸಿರು ಬಿಡದೆ ಮಾತು ಪೋಣಿಸುತ್ತಾನೆ. ಕಂಟ್ರೋಲ್ ಮಚೇತೆಯ ಮೊದಲ ಆಲ್ಬಮ್ ಬಂದದ್ದು 1996ರಲ್ಲಿ. ಅವರು ನಿಜಕ್ಕೂ ಹೊಸಬರಾಗಿದ್ದಾಗ ಈ ಪ್ರಶಸ್ತಿಯೇ ಹುಟ್ಟಿರಲಿಲ್ಲ! ಕೊನೆಗೆ 2012ರಲ್ಲಿ ಅದು ಈ ಊರಿಗೆ ಬಂದಾಗ ಪಡೆದವರು ತ್ರಿಬಾಲ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಮಾಡುತ್ತಿದ್ದ ತ್ರಿಬಾಲ್ ಎಂಟಿವೈ ಹುಡುಗರು. ಆ ಗೆಲುವು ನ್ಯಾಯವಾದದ್ದೆಂದೇ ನನ್ನ ಅಭಿಪ್ರಾಯ. ಆದರೂ ರಾಕ್ ಕೇಳಿ ಬೆಳೆದವರ ಕೊರಗು ನನಗೆ ಅರ್ಥವಾಗುತ್ತದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆದ್ದರಿಂದ ನಾಳೆ ಊಟಕ್ಕೆ ಕೂತಾಗ, ಬರುವಷ್ಟು ಸ್ಪ್ಯಾನಿಷ್‌ನಲ್ಲಿಯೇ, 1996ರಲ್ಲಿ ಈ ಪ್ರಶಸ್ತಿ ಇದ್ದಿದ್ದರೆ ಯಾರಿಗೆ ಕೊಡುತ್ತಿದ್ದಿರಿ ಎಂದು ಕೇಳಿ ನೋಡಿ. ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ, ಫೋನಿನಲ್ಲಿ ಹಾಡು ಹಾಕಿ ಕೇಳಿಸುತ್ತಾರೆ, ವಾರಾಂತ್ಯಕ್ಕೆ ಊರಿನ ಹಳೆಯ ಪೇಟೆಯಾದ ಬಾರ್ರಿಯೋ ಆಂತೀಗುವೋಗೆ ಕರೆದರೂ ಆಶ್ಚರ್ಯವಿಲ್ಲ. ಕರೆದರೆ ತಪ್ಪದೆ ಹೋಗಿ. ಫುಂದಿದೋರಾ ಪಾರ್ಕಿನ ಪಾಲ್ ನೋರ್ತೆ ಸಂಗೀತೋತ್ಸವಕ್ಕೂ ಅವರ ಜೊತೆಗೇ ಟಿಕೆಟ್ ಕೊಳ್ಳಿ, ಮತ್ತು ಬಿಸಿಲಿದ್ದರೂ ಮಧ್ಯಾಹ್ನವೇ ಒಳಗೆ ಹೋಗಿ. ಇನ್ನೂ ಹೆಸರು ಮಾಡದ ತಂಡಗಳು ಹಾಡುವುದು ಆ ಹೊತ್ತಿನಲ್ಲಿ.