ಕಣ್ಣು ತಪ್ಪಿಸಿ ಬರಬೇಡಿ, ಹೇಳಿ ಬನ್ನಿ

ಕಾರವಾರದ ಮಾಜಾಳಿ ಕಡೆಯ ತಾಯಿಯೊಬ್ಬರ ಪತ್ರದ ಸಾರ: ‘ನನ್ನ ಮಗನಿಗೆ ನಾಲ್ಕು ವರ್ಷ. ಜೂನ್‌ನಲ್ಲಿ ಅಂಗನವಾಡಿಗೆ ಸೇರಿಸಿದೆವು. ಎರಡು ತಿಂಗಳು ಖುಷಿಯಿಂದ ಹೋದ. ಆಗಸ್ಟ್‌ನಿಂದ ಬಾಗಿಲಲ್ಲೇ ಅಳು, ಹಠ. ಅವನ ಅಪ್ಪ ಟ್ರಾಲ್ ಬೋಟಿಗೆ ಹೋಗುತ್ತಾರೆ. “ಆಟಕ್ಕೆ ಹಚ್ಚಿ ಕಣ್ಣು ತಪ್ಪಿಸಿ ಬಂದುಬಿಡು, ನಾಲ್ಕು ದಿನ ಅತ್ತು ಸುಮ್ನಾಗ್ತಾನೆ” ಅನ್ನುತ್ತಾರೆ ಅತ್ತೆ. ಗಂಡು ಹುಡುಗ ಅಳಬಾರದು ಎಂದು ಮನೆಯವರೆಲ್ಲ ಗದರಿಸುತ್ತಾರೆ. ಏನು ಮಾಡಲಿ?’

ಸಂಪಾದಕರ ಉತ್ತರ:

ನಮಸ್ಕಾರ. ಬೋಟಿನ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ಗಮನ ಅಲ್ಲೇ ನಿಂತಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟಿನಂಥ ಯಾಂತ್ರಿಕ ಬೋಟುಗಳು ಮೀನು ಹಿಡಿಯಲು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಅಪ್ಪ ಊರಲ್ಲೇ ಇದ್ದಿರಬೇಕು. ಮಗ ಅಂಗನವಾಡಿಯಿಂದ ಬರುವಾಗ ಜಗಲಿಯ ಮೇಲೆ ಸಿಗುತ್ತಿದ್ದರು. ಆಗಸ್ಟ್ ಬಂತು, ಬೋಟು ಹೊರಟಿತು. ಆಳಸಮುದ್ರಕ್ಕೆ ಹೋದವರು ಬರಲು ವಾರವೂ ಆಗುತ್ತದೆ, ಹತ್ತು ದಿನವೂ ಆಗುತ್ತದೆ. ನಾಲ್ಕು ವರ್ಷದವನಿಗೆ ಆ ಲೆಕ್ಕ ಎಲ್ಲಿ ಗೊತ್ತಾಗಬೇಕು? ಬೆಳಗ್ಗೆ ಎದ್ದು ನೋಡಿದರೆ ಅಪ್ಪ ಇಲ್ಲ. ಇನ್ನು ಅಮ್ಮನೂ ಹೀಗೇ ಹೋಗಿಬಿಟ್ಟರೆ? ಆ ಹೆದರಿಕೆಯನ್ನು ಹೇಳಲು ಅವನಿಗೆ ಮಾತು ಸಾಲುತ್ತಿಲ್ಲ. ಹಾಗಾಗಿ ಅಳುತ್ತಾನೆ. ಇದು ಹಠ ಅಲ್ಲ.

ಹೀಗಿರುವಾಗ ಕಣ್ಣು ತಪ್ಪಿಸಿ ಬರುವುದು ಬೇಡವೇ ಬೇಡ. ಅತ್ತೆಯವರೂ ಮೊಮ್ಮಗನ ಅಳು ನೋಡಲಾಗದೆ ಹೇಳಿದ್ದಾರೆ, ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಆದರೆ ಆಟದ ಮಧ್ಯೆ ತಲೆ ಎತ್ತಿದಾಗ ಅಮ್ಮ ಇಲ್ಲ ಎಂದಾದರೆ, ನಾಳೆಯಿಂದ ಅವನು ಆಟಕ್ಕೇ ಕೂರುವುದಿಲ್ಲ. ನಿಮ್ಮ ಸೆರಗು ಹಿಡಿದು ಕಾಯುತ್ತಾನೆ.

ಹೇಳಿ ಬನ್ನಿ. ‘ಊಟ ಮಾಡು, ಮಲಗಿ ಎದ್ದ ಮೇಲೆ ಬರ್ತೇನೆ’ ಅನ್ನಿ. ಗಂಟೆಯ ಲೆಕ್ಕ ಅವನಿಗೆ ತಿಳಿಯದು, ಊಟ ನಿದ್ದೆ ತಿಳಿಯುತ್ತದೆ. ಆ ಹೊತ್ತಿಗೆ ತಪ್ಪದೆ ಹೋಗಿ. ಬಾಗಿಲಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ. ನೀವು ಅನುಮಾನಿಸಿದರೆ, ಇಲ್ಲಿ ಹೆದರುವಂಥದ್ದು ಏನೋ ಇದೆ ಎಂದು ಅವನಿಗೂ ಅನಿಸುತ್ತದೆ. ಅಪ್ಪನೂ ಮಗ ನಿದ್ದೆಯಲ್ಲಿದ್ದಾಗ ಹೊರಟುಹೋಗುವ ಬದಲು ಹಿಂದಿನ ಸಂಜೆಯೇ ಕೂರಿಸಿಕೊಂಡು ಹೇಳಲಿ. ಮುಂದಿನ ವರ್ಷ ಜುಲೈ ಕೊನೆಯಲ್ಲೇ ಈ ಮಾತು ಶುರುವಾಗಲಿ.

ಕರೆದುಕೊಂಡು ಬರುವ ಹೊತ್ತೂ ಅಷ್ಟೇ ಮುಖ್ಯ. ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಗಮನಿಸುವಾಗ, ಅಮ್ಮ ಹೋದಾಗಿನ ಅಳುವಿಗಿಂತ ಅಮ್ಮ ಮರಳಿದಾಗ ಮಗು ಏನು ಮಾಡುತ್ತದೆ ಎಂಬುದಕ್ಕೇ ಹೆಚ್ಚು ಬೆಲೆ ಕೊಟ್ಟರು. ‘ಇವತ್ತೂ ಅತ್ಬಿಟ್ಯಾ?’ ಎಂದು ಕೇಳಬೇಡಿ. ಮೊದಲು ಎತ್ತಿಕೊಳ್ಳಿ.

ಟೀಚರ್‌ಗೆ ಬೋಟಿನ ವಿಷಯ ತಿಳಿಸಿ. ದಿನಾ ಬಾಗಿಲಲ್ಲಿ ಒಬ್ಬರೇ ಅವನನ್ನು ಬರಮಾಡಿಕೊಳ್ಳಲಿ, ಟೀಚರ್ ಆಗಲಿ, ಸಹಾಯಕಿ ಆಗಲಿ. ಅಂಕೋಲಾ ಕಡೆಯ ಅಂಗನವಾಡಿಯೊಂದರಲ್ಲಿ ನಾನು ನೋಡಿದ್ದು: ಬಿಕ್ಕುತ್ತಿದ್ದ ಹುಡುಗಿಯನ್ನು ಸಹಾಯಕಿ ಪಕ್ಕದಲ್ಲಿ ಕೂರಿಸಿಕೊಂಡು ಹರಿವೆ ಸೊಪ್ಪಿನ ದಂಟೊಂದನ್ನು ಕೈಗೆ ಕೊಟ್ಟರು. ಅಳಬೇಡ ಅನ್ನಲಿಲ್ಲ, ಏನೂ ಕೇಳಲೂ ಇಲ್ಲ. ಹುಡುಗಿ ಎಲೆ ಬಿಡಿಸಿದಳು, ಮೂಗು ಒರೆಸಿಕೊಂಡಳು, ಮತ್ತೆ ಬಿಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಮನೆಯ ಬೆಕ್ಕಿನ ಕತೆ ಕೊಂಕಣಿಯಲ್ಲಿ ಶುರುವಾಯಿತು. ಸಹಾಯಕಿಯೂ ಕೊಂಕಣಿಯಲ್ಲೇ ಹೂಂಗುಟ್ಟಿದರು. ಮನೆಮಾತು ಯಾವುದೇ ಇರಲಿ, ದುಃಖ ಹೇಳಿಕೊಳ್ಳುವ ಮಗುವಿಗೆ ‘ಕನ್ನಡದಲ್ಲಿ ಹೇಳು’ ಎನ್ನಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಅಂಗನವಾಡಿಯಲ್ಲಿ ಹಾಡು, ಊಟ ಬಿಟ್ಟು ಏನು ಕಲಿಸುತ್ತಾರೆ ಎಂದು ಕೇಳುವವರಿದ್ದಾರೆ. ತನ್ನ ಸರದಿಗೆ ಕಾಯುವುದು, ಸಿಟ್ಟು ಬಂದರೆ ಕಚ್ಚದೆ ಬಾಯಲ್ಲಿ ಹೇಳುವುದು, ಅಳುವ ಗೆಳೆಯನ ಹತ್ತಿರ ಹೋಗಿ ಕೂರುವುದು, ಇವೆಲ್ಲ ಕಲಿಕೆಯೇ ಅಲ್ವಾ? ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಭಾವನೆಗಳ ಬೆಳವಣಿಗೆಯನ್ನು ಕಲಿಕೆಯ ಗುರಿಗಳಲ್ಲೇ ಸೇರಿಸಿದೆ. ತೂಕ, ರೇಷನ್, ಫೋನಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಕ್ಕಳ ವಿವರ ತುಂಬುವುದು, ಇಷ್ಟರ ನಡುವೆ ಟೀಚರ್‌ಗೆ ಒಂದು ಮಗುವಿನ ಪಕ್ಕ ಕೂರಲು ಪುರಸೊತ್ತು ಸಿಗಬೇಕು. ತಾಯಂದಿರ ಸಭೆಯಲ್ಲಿ ನೀವೇ ಈ ಮಾತು ಎತ್ತಿ.

ಗಂಡು ಹುಡುಗ ಅಳಬಾರದು ಎನ್ನುವ ಮಾತು ಮನೆಯಲ್ಲಿ ಇವತ್ತೇ ನಿಲ್ಲಲಿ. ಗದರಿಸಿದರೆ ಅಳು ನಿಲ್ಲಬಹುದು, ದುಃಖ ನಿಲ್ಲುವುದಿಲ್ಲ. ಅದು ಹೊಡೆಯುವುದು, ಎಸೆಯುವುದು ಆಗಿ ಹೊರಬರುತ್ತದೆ. ‘ಅಪ್ಪನ ನೆನಪಾಯ್ತಾ? ನಂಗೂ ಆಗಿದೆ’ ಅನ್ನಿ ಸಾಕು.

ಇನ್ನೊಂದು ಮಾತು. ಅಲ್ಲಿ ಯಾರಾದರೂ ಹೊಡೆದರಾ, ಹೆದರಿಸಿದರಾ ಎಂದೂ ಮೆಲ್ಲಗೆ ವಿಚಾರಿಸಿ. ಕೆಲವು ವಾರ ಕಳೆದರೂ ಅಳು ಇಳಿಯದಿದ್ದರೆ, ಊಟ ಬಿಟ್ಟರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಮಾತು ಕಡಿಮೆಯಾದರೆ ಡಾಕ್ಟರಿಗೆ ತೋರಿಸಿ. ಅಂಗನವಾಡಿ ಮಕ್ಕಳ ಆರೋಗ್ಯವನ್ನು ವರ್ಷಕ್ಕೆ ಎರಡು ಸಲ ತಪಾಸಣೆ ಮಾಡಲು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರಬೇಕು. ಯಾವಾಗ ಬರುತ್ತದೆ ಎಂದು ಟೀಚರ್ ಹತ್ತಿರ ಕೇಳಿಟ್ಟುಕೊಳ್ಳಿ, ಅವತ್ತು ನೀವೂ ಹೋಗಿ.