ಅಮ್ಮನಾದ ಮೇಲೆ ರಕ್ತ ನೋಡಲಾಗುತ್ತಿಲ್ಲ, ನಾನಿನ್ನೂ ಅಭಿಮಾನಿಯೇ?

ಪ್ರಶ್ನೆ: ನನಗೆ 31 ವರ್ಷ. 'ಈವಿಲ್ ಡೆಡ್' ಹಾರರ್ ಸಿನಿಮಾಗಳೆಂದರೆ ಹುಚ್ಚು. ಹೈಸ್ಕೂಲಿನಲ್ಲಿದ್ದಾಗ ಅಣ್ಣ ಸಿಡಿ ತಂದು ತೋರಿಸಿದ್ದ. ಆಮೇಲೆ ಒಂದನ್ನೂ ಬಿಟ್ಟಿಲ್ಲ. 'ಈವಿಲ್ ಡೆಡ್ ರೈಸ್' ಮಾತ್ರ ಥಿಯೇಟರಿನಲ್ಲಿ ತಪ್ಪಿಹೋಗಿತ್ತು. ಮೊನ್ನೆ ಒಂಬತ್ತು ತಿಂಗಳ ಮಗಳನ್ನು ಮಲಗಿಸಿ ಮನೆಯಲ್ಲೇ ಹಾಕಿಕೊಂಡೆ. ಅರ್ಧಕ್ಕೇ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ಈಗ ಮಗುವಿಗೆ ಹಣ್ಣು ಹೆಚ್ಚಲು ಚಾಕು ಹಿಡಿದರೆ ಏನೇನೋ ಕೆಟ್ಟ ಯೋಚನೆ ಬರುತ್ತದೆ. 'ನೀನು ಫ್ಯಾನೇ ಅಲ್ಲ ಬಿಡು' ಎಂದು ಅಣ್ಣ ಅಣಕಿಸುತ್ತಾನೆ. ಮುಂದಿನ ಭಾಗಕ್ಕೆ ಜೊತೆಯಲ್ಲೇ ಹೋಗಬೇಕಂತೆ. 'ಮಗು ಇರೋ ಮನೇಲಿ ಇಂಥದ್ದು ಹಾಕ್ತೀಯಾ' ಎಂದು ಅಮ್ಮ ಬೈಯುತ್ತಾರೆ. ನನ್ನೊಳಗೆ ಏನಾದರೂ ಕೆಟ್ಟಿದೆಯಾ?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಚಾಕುವಿನ ಮಾತು. ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು.

'ನನ್ನ ಕೈಯಿಂದಲೇ ಮಗುವಿಗೆ ಏನಾದರೂ ಆಗಿಬಿಟ್ಟರೆ' ಎಂಬ ಯೋಚನೆ ಹೊಸ ತಾಯಂದಿರಲ್ಲಿ ತುಂಬ ಜನರಿಗೆ ಬರುತ್ತದೆ. ಹಾರರ್ ಸಿನಿಮಾದ ಹತ್ತಿರಕ್ಕೂ ಹೋಗದವರಿಗೂ ಬರುತ್ತದೆ. ನಾಚಿಕೆಯಿಂದ ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ. ಆ ಯೋಚನೆ ಬಂದಾಗ ನೀವು ಬೆಚ್ಚಿ ಬೀಳುತ್ತೀರಿ ಅಲ್ವಾ? ನಿಮಗೆ ಅದು ಬೇಡವಾಗಿದೆ, ಅದಕ್ಕೇ ಬೆಚ್ಚುತ್ತೀರಿ. ಹಾಗಾಗಿ ನಿಮ್ಮನ್ನು ಕೆಟ್ಟ ತಾಯಿ ಅಂದುಕೊಳ್ಳಬೇಡಿ. ಆದರೆ ಎರಡು ವಾರ ಕಳೆದರೂ ಅದು ಹೋಗದಿದ್ದರೆ, ನಿದ್ದೆ ಬರದಿದ್ದರೆ, ಮಗುವಿನ ಜೊತೆ ಒಬ್ಬರೇ ಇರಲು ಹೆದರಿಕೆಯಾದರೆ, 14416ಕ್ಕೆ ಫೋನ್ ಮಾಡಿ. ಇದು ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದಿನವಿಡೀ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಇಟ್ಟುಕೊಂಡು ನೋಡುವ ವಿಭಾಗವೂ ಇದೆ. ಇನ್ನೊಂದು ಮಾತು. ಆ ಕೆಟ್ಟ ಯೋಚನೆಯೇ ಸರಿ ಎಂದು ಅನ್ನಿಸತೊಡಗಿದರೆ, ಅಥವಾ ಯಾರೋ ಹಾಗೆ ಮಾಡು ಎಂದು ಹೇಳಿದಂತೆ ಕೇಳಿಸಿದರೆ, ಫೋನಿಗೂ ಕಾಯಬೇಡಿ. ಮನೆಯವರನ್ನು ಕರೆದುಕೊಂಡು ಆಗಲೇ ಆಸ್ಪತ್ರೆಗೆ ಹೋಗಿ.

ಈಗ ಸಿನಿಮಾ. ನೀವು ಇಷ್ಟು ವರ್ಷ ನೋಡಿದ್ದೇನು? 1981ರಲ್ಲಿ ಸ್ಯಾಮ್ ರೈಮಿ ಮಾಡಿದ ಮೊದಲ ಚಿತ್ರದಲ್ಲಿ ಕಾಡಿನ ಮನೆ, ಐದು ಜನ ಸ್ನೇಹಿತರು. 1987ರ ಎರಡನೆಯದರಲ್ಲಿ ರಕ್ತದಷ್ಟೇ ನಗುವೂ ಇತ್ತು. 1992ರ ಮೂರನೆಯದಂತೂ ನಾಯಕನನ್ನು ಹಳೇ ಕಾಲದ ಯುದ್ಧಕ್ಕೇ ಕಳಿಸಿತು. ನಗು ಕಡಿಮೆಯಾಗಿ ನೋವು ಜಾಸ್ತಿಯಾಗಿದ್ದು 2013ರಲ್ಲಿ. ಅದರಲ್ಲಿ ಅಣ್ಣ ತಂಗಿ ಇದ್ದರು, ನಿಮ್ಮಿಬ್ಬರಿಗೂ ಅದು ಯಾಕೆ ಅಷ್ಟು ಹಿಡಿಸಿರಬಹುದು ಎಂದು ನಾನು ಊಹಿಸಬಲ್ಲೆ. ಆದರೆ ಈ ಎಲ್ಲದರಲ್ಲೂ ಸಾಯುವವರು ಹೆಚ್ಚಾಗಿ ದೊಡ್ಡವರು.

ಲೀ ಕ್ರೋನಿನ್ ನಿರ್ದೇಶಿಸಿದ 2023ರ 'ಈವಿಲ್ ಡೆಡ್ ರೈಸ್' ಕಾಡು ಬಿಟ್ಟು ಲಾಸ್ ಏಂಜಲೀಸಿನ ಒಂದು ಹಳೇ ಅಪಾರ್ಟ್‌ಮೆಂಟಿಗೆ ಬಂತು. ಗಂಡ ಬಿಟ್ಟುಹೋದ 'ಎಲ್ಲೀ' ಎಂಬ ಹೆಸರಿನ ತಾಯಿ, ಅವಳ ಮೂವರು ಮಕ್ಕಳು. ದೆವ್ವ ಹಿಡಿಯುವುದು ಆ ತಾಯಿಗೇ. ಬಾಗಿಲಾಚೆ ನಿಂತು ಕಿರಿ ಮಗಳನ್ನು ಮುದ್ದಿನ ದನಿಯಲ್ಲಿ ಕರೆಯುವುದೂ ಅವಳೇ. ಆ ದನಿ ನೀವು ಪ್ರತಿ ರಾತ್ರಿ ಮಗಳನ್ನು ಮಲಗಿಸುವ ದನಿಯೇ ಅಲ್ವಾ? ಕೈ ನಡುಗದೇ ಇನ್ನೇನಾಗಬೇಕು? ಈ ಚಿತ್ರಕ್ಕೆ ಸುಮಾರು 6,500 ಲೀಟರ್ ನಕಲಿ ರಕ್ತ ಸುರಿದೆವು ಎಂದು ನಿರ್ದೇಶಕರೇ ಹೇಳಿದ್ದಾರೆ. ನಿಮ್ಮನ್ನು ಎಬ್ಬಿಸಿದ್ದು ಆ ರಕ್ತ ಅಂತ ನನಗೆ ಅನ್ನಿಸುವುದಿಲ್ಲ. ಆ ತಾಯಿಯ ದನಿ ನಿಮ್ಮನ್ನು ತಟ್ಟಿತು, ಅದು ಚಿತ್ರದ ಗೆಲುವು. ಅರ್ಧಕ್ಕೆ ನಿಲ್ಲಿಸಿದ ನೀವು ಆ ಚಿತ್ರವನ್ನು ಅಣ್ಣನಿಗಿಂತ ಆಳವಾಗಿ ನೋಡಿದ್ದೀರಿ.

ಅಭಿಮಾನಕ್ಕೆ ಸಹಿಸುವ ಪರೀಕ್ಷೆ ಇಡುವುದು ನನಗೆ ಒಪ್ಪಿಗೆಯಿಲ್ಲ. ಯಾವ ಶಾಟ್ ಯಾಕೆ ಕೆಲಸ ಮಾಡುತ್ತದೆ, ಮೊದಲ ಚಿತ್ರದ ಯಾವ ಚೂರು ಐದನೆಯದರಲ್ಲಿ ಮತ್ತೆ ಬಂತು ಎಂದು ನಿಮಗೆ ಗೊತ್ತಿದೆ. ಆ ಪ್ರೀತಿ ಒಂದು ರಾತ್ರಿಗೆ ಹೋಗುವುದಿಲ್ಲ. ಉಳಿದರ್ಧ ನೋಡಲೇಬೇಕು ಎಂದೇನೂ ಇಲ್ಲ. ಆದರೆ ಅರ್ಧಕ್ಕೆ ನಿಂತ ಕಥೆ ತಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಅದಕ್ಕೇ ಹೇಳುತ್ತೇನೆ, ನಿಮಗೆ ಬೇಡವಾದರೆ ಮುಂದಿನ ಮೂರು ವಾಕ್ಯ ಬಿಟ್ಟುಬಿಡಿ. ಕಿರಿಯವಳು, ಕ್ಯಾಸಿ, ಬದುಕುತ್ತಾಳೆ. ಅವಳನ್ನು ಉಳಿಸುವುದು ಚಿಕ್ಕಮ್ಮ ಬೆತ್. ಕ್ಯಾಸಿಯ ಅಣ್ಣ, ಅಕ್ಕ ಇಬ್ಬರೂ ಉಳಿಯುವುದಿಲ್ಲ.

ಎಂದಾದರೂ ಮತ್ತೆ ಕೂತು ನೋಡುವುದಾದರೆ ಹಗಲು ಹೊತ್ತು, ಚೆನ್ನಾಗಿ ನಿದ್ದೆಯಾದ ದಿನ ನೋಡಿ. ವಾಲ್ಯೂಮ್ ತಗ್ಗಿಸಿ, ಸಬ್‌ಟೈಟಲ್ ಓದಿಕೊಳ್ಳಿ. ಹಾರರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಹೆದರಿಸುವುದು ಸದ್ದೇ. ಮಗುವಿಗೆ ರಾತ್ರಿ ಪದೇ ಪದೇ ಎದ್ದು ಹಾಲು ಕೊಡುವ ಈ ತಿಂಗಳುಗಳಲ್ಲಂತೂ ಬೇಡ. ನಿದ್ದೆಗೆಟ್ಟ ತಲೆಗೆ ಎಲ್ಲ ಭಯವೂ ದೊಡ್ಡದು.

ಅಮ್ಮನ ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ಮಗು ಎದ್ದಿರುವಾಗ ಟಿವಿಯಲ್ಲಿ ಇದು ಬೇಡ ಎನ್ನುವಷ್ಟರ ಮಟ್ಟಿಗೆ ಅವರು ಹೇಳುವುದು ಸರಿ. ಅದನ್ನು ಒಪ್ಪಿಕೊಳ್ಳಿ. ತಾಯಿಯಾದವಳಿಗೆ ಇದರಲ್ಲಿ ಆಸಕ್ತಿಯೇ ಇರಬಾರದು ಎಂದರೆ ಅದನ್ನು ಒಪ್ಪಬೇಕಿಲ್ಲ.

ಅಣ್ಣನಿಗೆ ಬಹುಶಃ ನಿಮ್ಮನ್ನು ಕಳೆದುಕೊಂಡಂತೆ ಆಗಿದೆ. ಮದುವೆ, ಮಗು ಎಲ್ಲ ಆದ ಮೇಲೆ ನಿಮ್ಮಿಬ್ಬರದೇ ಅಂತ ಉಳಿದಿದ್ದು ಇದೊಂದೇ ಇರಬಹುದು. ಅಣಕಿಸುವುದು ತಪ್ಪೇ. ಆದರೂ ಜಗಳ ಬೇಡ, ಚಾಕುವಿನ ವಿಷಯ ಅವನಿಗೆ ಹೇಳಿ. ಅದು ಗೊತ್ತಾದ ಮೇಲೆ ಅವನು ಅಣಕಿಸಲಾರ. ಆಮೇಲೆ ಹೀಗೆ ಕೇಳಿ: 'ಅಣ್ಣಾ, ಮುಂದಿನದನ್ನ ಮೊದಲು ನೀನೊಬ್ಬನೇ ನೋಡ್ಕೊಂಡು ಬಾ. ಮಕ್ಕಳಿಗೆ ಏನಾದ್ರೂ ಆಗುತ್ತಾ ಹೇಳು. ಇಲ್ಲ ಅಂದ್ರೆ ನಿನ್ನ ಜೊತೆ ಇನ್ನೊಂದ್ಸಲ ಬರ್ತೀನಿ.' ಹೋಗುವುದೇ ಆದರೆ ಮಧ್ಯಾಹ್ನದ ಆಟಕ್ಕೆ ಹೋಗಿ. ಸಾಲಿನ ತುದಿಯ ಸೀಟು ತೆಗೆದುಕೊಳ್ಳಿ, ಬೇಕೆನಿಸಿದಾಗ ಎದ್ದು ಹೊರಗೆ ಬರಬಹುದು. ಮಗಳನ್ನು ಅಷ್ಟು ಹೊತ್ತು ನೋಡಿಕೊಳ್ಳಲು ಅಮ್ಮನನ್ನೇ ಕೇಳಿ.